ತೂಗಿ ನೋಡದ ಸಿಲಿಂಡರು

ಆಸ್ಪತ್ರೆಯ ಬಹುಪಾಲು ಯಂತ್ರಗಳು ಕೆಟ್ಟರೆ ಅಂದೇ ಗೊತ್ತಾಗುತ್ತದೆ. ಎಕ್ಸ್‌ರೇ ಯಂತ್ರ ಕೈಕೊಟ್ಟರೆ ಹೊರಗೆ ರೋಗಿಗಳ ಸಾಲು ಬೆಳೆಯುತ್ತದೆ, ಆಟೋಕ್ಲೇವ್ ಬಿಸಿಯೇರದಿದ್ದರೆ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗುತ್ತದೆ, ಜನರೇಟರ್ ಚಾಲೂ ಆಗದಿದ್ದರೆ ಕರೆಂಟು ಹೋದ ಮರುಗಳಿಗೆಯೇ ಇಡೀ ಕಟ್ಟಡಕ್ಕೆ ತಿಳಿಯುತ್ತದೆ. ಬೆಂಕಿಯಿಂದ ಕಾಯಬೇಕಾದ ಸಾಧನಗಳ ಸ್ವಭಾವ ಬೇರೆ. ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರು, ಚಾವಣಿಯ ಹೊಗೆ ಡಿಟೆಕ್ಟರ್, ಕೊಳವೆಯ ತುದಿಯ ಸ್ಪ್ರಿಂಕ್ಲರ್ ಇವೆಲ್ಲ ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತವೆ. ಸರಿಯಿದ್ದಾಗಲೂ ಸುಮ್ಮನೆ, ಕೆಟ್ಟಾಗಲೂ ಸುಮ್ಮನೆ. ಇಂಥ ಯಂತ್ರ ಸರಿಯಾಗಿದೆಯೇ ಎಂದು ತಿಳಿಯಲು ಇರುವ ದಾರಿ ಎರಡೇ: ಪರೀಕ್ಷೆ ಮಾಡುವುದು, ಇಲ್ಲವೇ ಬೆಂಕಿ ಬೀಳುವುದು. ಹಾಗಾಗಿ ಒಂದು ಆಸ್ಪತ್ರೆ ಬೆಂಕಿಗೆ ಎಷ್ಟು ಸಿದ್ಧವಾಗಿದೆ ಎಂಬುದನ್ನು ಅಲ್ಲಿ ಎಷ್ಟು ಸಾಧನಗಳಿವೆ ಎಂದು ಎಣಿಸಿ ಹೇಳಲಾಗದು. ಅವುಗಳನ್ನು ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸುತ್ತಾರೆ ಎಂದು ಕೇಳಬೇಕು.

ನಮ್ಮ ದೇಶದ ಆಸ್ಪತ್ರೆ ಬೆಂಕಿಗಳು ಹೊತ್ತಿದ ವೇಳೆಯನ್ನು ಗಮನಿಸಿ. ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ 2011ರ ಡಿಸೆಂಬರ್ 9ರಂದು ಬೆಳಗಾಗುವ ಮೊದಲೇ ಬೆಂಕಿ ಎದ್ದಿತು. ಸತ್ತ ಸುಮಾರು 90 ಜನರಲ್ಲಿ ಹೆಚ್ಚಿನವರನ್ನು ಜ್ವಾಲೆ ಮುಟ್ಟಲೇ ಇಲ್ಲ, ಮೇಲಿನ ಮಹಡಿಗಳಿಗೆ ನುಗ್ಗಿದ ಹೊಗೆ ಅವರ ಉಸಿರು ಕಟ್ಟಿಸಿತು. 2020ರ ಆಗಸ್ಟ್ 6ರಂದು ಅಹಮದಾಬಾದಿನ ಶ್ರೇಯ್ ಆಸ್ಪತ್ರೆಯಲ್ಲಿ 8 ಮಂದಿ, 2021ರ ಜನವರಿ 9ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯಲ್ಲಿ 10 ಹಸುಗೂಸುಗಳು, ಅದೇ ವರ್ಷ ಮೇ 1ರಂದು ಗುಜರಾತಿನ ಭರೂಚಿನ ಆಸ್ಪತ್ರೆಯೊಂದರಲ್ಲಿ 18 ಮಂದಿ ಸತ್ತರು. ಈ ಮೂರೂ ಬೆಂಕಿಗಳು ಮಧ್ಯರಾತ್ರಿ ದಾಟಿದ ಮೇಲಿನವು. 2024ರ ನವೆಂಬರ್ 15ರಂದು ಝಾನ್ಸಿಯ ವೈದ್ಯಕೀಯ ಕಾಲೇಜಿನ ನವಜಾತ ಶಿಶು ಘಟಕದಲ್ಲಿ ಹತ್ತು ಕೂಸುಗಳು ಹೋದದ್ದೂ ರಾತ್ರಿಯೇ. ಹಗಲಿನಲ್ಲಿ ಹತ್ತು ಮೂಗುಗಳು ಸುಟ್ಟ ವಾಸನೆ ಹಿಡಿಯುತ್ತವೆ, ಹತ್ತು ಕೈಗಳು ಓಡಿ ಬರುತ್ತವೆ. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್, ಒಬ್ಬ ಆಯಾ. ಮನುಷ್ಯರು ಕಡಿಮೆಯಿರುವ ಹೊತ್ತಿನಲ್ಲಿ ಯಂತ್ರವೇ ಎಚ್ಚರವಿರಬೇಕು, ಅದರ ಆರೋಗ್ಯ ಅಂದು ಯಾರಿಗೂ ಗೊತ್ತಿರುವುದಿಲ್ಲ.

ಇದು ದೊಡ್ಡ ಶಹರಗಳ ಮಾತು, ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದ, ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿಗೆ ಏಕೆ ಎಂದು ಯಾರಾದರೂ ಕೇಳಬಹುದು. ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರ ಈ ಊರಿನಂಥ ಕಡೆ ದವಾಖಾನೆ ಎಂದರೆ ಒಂದಂತಸ್ತಿನ ಪ್ರಾಥಮಿಕ ಆರೋಗ್ಯ ಕೇಂದ್ರ. ಕಾಯಿಲೆ ಜೋರಾದರೆ ಜನ ಬ್ಯಾಡಗಿಗೋ ಹಾವೇರಿಗೋ ರಾಣೆಬೆನ್ನೂರಿಗೋ ಹೋಗಿ ಅಲ್ಲಿನ ಐಸಿಯುಗಳಲ್ಲಿ ದಾಖಲಾಗುತ್ತಾರೆ. ಅಂದರೆ ಈ ಭಾಗದ ರೋಗಿಯ ಸುರಕ್ಷತೆ ಎರಡು ಬಗೆಯ ಕಟ್ಟಡಗಳ ಮೇಲೆ ನಿಂತಿದೆ. ಎರಡಕ್ಕೂ ಸಮಾನವಾದ ಸಂಗತಿ, ಹೊರಗಿನ ನೆರವು ತಡವಾಗಬಹುದು ಎಂಬುದು. 2024ರ ಮಾರ್ಚ್ 11ರಂದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದರ ಕುಸಿದು ಗಲಭೆ ಎದ್ದಾಗ ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಬಿತ್ತು. ಆರಿಸಲು ಬಂದ ಅಗ್ನಿಶಾಮಕ ವಾಹನವೇ ದಾಳಿಗೆ ತುತ್ತಾಯಿತು. ಅಂಥ ದಿನ ಅಪರೂಪ, ನಿಜ. ಆದರೆ ಮುಚ್ಚಿದ ಕೋಣೆಯೊಂದು ಪೂರ್ತಿ ಹೊತ್ತಿಕೊಳ್ಳಲು ಕೆಲವೇ ನಿಮಿಷ ಸಾಕು. ಮಾಮೂಲಿ ದಿನದಲ್ಲೂ ಗಾಡಿ ಬರುವ ಮೊದಲಿನ ಆ ನಿಮಿಷಗಳು ಒಳಗಿನ ಸಾಧನಗಳ ಪಾಲಿಗೇ ಸೇರಿದ್ದು.

ಮೊದಲು ಎಲ್ಲರಿಗೂ ಪರಿಚಯವಿರುವ ಸಿಲಿಂಡರನ್ನೇ ನೋಡೋಣ. ಒಣ ಪುಡಿಯ ಸಿಲಿಂಡರಿನಲ್ಲಿ ಮುಖ್ಯವಾಗಿ ಮೋನೋ ಅಮೋನಿಯಂ ಫಾಸ್ಫೇಟ್ ಪುಡಿ ಇರುತ್ತದೆ, ಅದನ್ನು ಹೊರಕ್ಕೆ ತಳ್ಳಲು ನೈಟ್ರೋಜನ್ ಒತ್ತಡ. ಅದರ ತಲೆಯ ಮೇಲಿನ ಗಡಿಯಾರದಂಥ ಮಾಪಕದ ಮುಳ್ಳು ಹಸಿರು ಪಟ್ಟಿಯಲ್ಲಿದ್ದರೆ ಒತ್ತಡ ಸರಿಯಿದೆ ಎಂದರ್ಥ. ಪುಡಿಯ ಗತಿ ಏನು ಎಂದು ಆ ಮುಳ್ಳು ಹೇಳಲಾರದು. ತೇವ ಹೊಕ್ಕು ಪುಡಿ ಗಟ್ಟಿಯಾಗಿದ್ದರೆ ಹಿಡಿ ಒತ್ತಿದಾಗ ಅನಿಲ ಹೊರಬಂದು ಪುಡಿ ಒಳಗೇ ಉಳಿಯಬಹುದು. ವಿದ್ಯುತ್ ಉಪಕರಣಗಳ ಬೆಂಕಿಗೆ ಇಡುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಕತೆ ಇನ್ನೂ ಸ್ವಾರಸ್ಯದ್ದು. ಅದಕ್ಕೆ ಮಾಪಕವೇ ಇರುವುದಿಲ್ಲ. ಅದರೊಳಗೆ ಅನಿಲ ದ್ರವವಾಗಿ ಕೂತಿರುತ್ತದೆ. ದ್ರವ ಒಂದಿಷ್ಟು ಉಳಿದಿರುವ ತನಕ ಮೇಲಿನ ಒತ್ತಡ ಉಷ್ಣಾಂಶವನ್ನು ಅವಲಂಬಿಸುತ್ತದೆಯೇ ಹೊರತು ಪ್ರಮಾಣವನ್ನಲ್ಲ. ಅರ್ಧ ಸೋರಿಹೋದ ಸಿಲಿಂಡರೂ ತುಂಬಿದ ಸಿಲಿಂಡರಿನಷ್ಟೇ ಒತ್ತಡ ತೋರಿಸುತ್ತದೆ. 31 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಳಗೆ ದ್ರವ, ಅನಿಲ ಎಂಬ ಭೇದವೇ ಅಳಿದು ಒತ್ತಡ ಬಿಸಿಲಿನೊಂದಿಗೆ ಏರುತ್ತ ಹೋಗುತ್ತದೆ. ಹಾವೇರಿ ಜಿಲ್ಲೆಯ ಬೇಸಿಗೆಯ ಮಧ್ಯಾಹ್ನಗಳು ಈ ಗಡಿಯನ್ನು ಸಲೀಸಾಗಿ ದಾಟುತ್ತವೆ, ಹಾಗಾಗಿ ಮಾಪಕ ಇಟ್ಟರೂ ಅದು ದಾರಿ ತಪ್ಪಿಸುತ್ತಿತ್ತು. ಅಡುಗೆ ಅನಿಲದ ಸಿಲಿಂಡರು ಎಷ್ಟು ಉಳಿದಿದೆ ಎಂದು ತಿಳಿಯಲು ಮನೆಯಲ್ಲಿ ಅಲುಗಿಸಿ, ಎತ್ತಿ ನೋಡುತ್ತೇವಲ್ಲ, ಇಲ್ಲಿಯೂ ಅದೇ ಉಪಾಯ, ಕೈಯ ಬದಲು ತಕ್ಕಡಿ ಬೇಕು. ಮೈಮೇಲೆ ಕೊರೆದಿರುವ ತೂಕಕ್ಕೆ ಹೋಲಿಸಿ, ಒಳಗಿನ ಅನಿಲದಲ್ಲಿ ಹತ್ತನೇ ಒಂದು ಪಾಲು ಕಡಿಮೆಯಾಗಿದ್ದರೂ ಮತ್ತೆ ತುಂಬಿಸಬೇಕು. ಇಡೀ ಪರೀಕ್ಷೆಗೆ ಬೇಕಾದ ಸಲಕರಣೆ ಮೆಣಸಿನಕಾಯಿ ಅಂಗಡಿಯಲ್ಲೂ ಇರುತ್ತದೆ. ಎಷ್ಟೋ ಕಡೆ ವರ್ಷಗಳಿಂದ ತೂಗಿರುವುದಿಲ್ಲ.

ಹೊಗೆ ಡಿಟೆಕ್ಟರಿನ ಒಳಗೆ ಒಂದು ಪುಟ್ಟ ಕತ್ತಲೆ ಕೋಣೆಯಿದೆ. ಒಂದು ಬದಿಯಿಂದ ಅವಗೆಂಪು ಬೆಳಕು ಹೊರಡುತ್ತದೆ. ಬೆಳಕನ್ನು ಗುರುತಿಸುವ ಕಣ್ಣು ಅದರ ನೇರದಲ್ಲಿರದೆ ಓರೆಯಾಗಿ ಕೂತಿರುತ್ತದೆ. ಗಾಳಿ ಶುದ್ಧವಿದ್ದಾಗ ಆ ಕಣ್ಣಿಗೆ ಏನೂ ಕಾಣದು. ಹೊಗೆಯ ಕಣಗಳು ಒಳಬಂದರೆ ಬೆಳಕು ಅವಕ್ಕೆ ಬಡಿದು ಚದುರುತ್ತದೆ, ಚದುರಿದ ಬೆಳಕು ಕಣ್ಣಿಗೆ ಬಿದ್ದೊಡನೆ ಗಂಟೆ ಹೊಡೆಯುತ್ತದೆ. ತೊಂದರೆಯೆಂದರೆ ದೂಳಿನ ಕಣಕ್ಕೂ ಹೊಗೆಯ ಕಣಕ್ಕೂ ಆ ಕಣ್ಣಿಗೆ ಅಂಥ ವ್ಯತ್ಯಾಸವಿಲ್ಲ. ಹೆದ್ದಾರಿಯ ದೂಳು, ಹಂಗಾಮಿನಲ್ಲಿ ಗಾಳಿಯಲ್ಲಿ ತೇಲುವ ಮೆಣಸಿನಕಾಯಿಯ ನುಣ್ಣನೆಯ ಪುಡಿ, ಗೂಡು ಕಟ್ಟುವ ಜೇಡ ಎಲ್ಲವೂ ಸುಳ್ಳು ಗಂಟೆಗೆ ಕಾರಣವಾಗಬಲ್ಲವು. ಇಲ್ಲಿಯೇ ಆಸ್ಪತ್ರೆಯವರ ಮೊದಲ ಆಕ್ಷೇಪ ಏಳುತ್ತದೆ: ಗಂಟೆ ಸುಮ್ಮಸುಮ್ಮನೆ ಹೊಡೆದರೆ ರೋಗಿಗಳು ಗಾಬರಿಬೀಳುತ್ತಾರೆ, ಅದಕ್ಕೇ ಆಫ್ ಮಾಡಿಡುತ್ತೇವೆ. ಹೃದ್ರೋಗಿಗಳ ವಾರ್ಡಿನಲ್ಲಿ ನಡುರಾತ್ರಿ ಸೈರನ್ ಕೂಗುವುದು ಸಣ್ಣ ತೊಂದರೆಯಲ್ಲ, ಆಕ್ಷೇಪದಲ್ಲಿ ಹುರುಳಿದೆ. ಆದರೆ ಸುಳ್ಳು ಗಂಟೆ ಎಂದರೆ ಡಿಟೆಕ್ಟರು ತನ್ನ ಕೊಳೆಯನ್ನು ತಾನೇ ಹೇಳಿಕೊಳ್ಳುತ್ತಿದೆ ಎಂದು. ಸುಮ್ಮನೆ ಕೆಡುವ ಸಾಧನಗಳ ನಡುವೆ ಇದೊಂದು ಬಾಯಿಬಿಟ್ಟು ದೂರು ಕೊಡುತ್ತದೆ, ಅದರ ಬಾಯಿ ಕಟ್ಟುವುದು ಎಷ್ಟು ಸರಿ? ಒಳಗೋಣೆಯ ದೂಳು ತೆಗೆಸಿ, ಆಟೋಕ್ಲೇವಿನ ಉಗಿ ತಾಗುವ ಜಾಗದಲ್ಲಿದ್ದರೆ ಸ್ಥಳ ಬದಲಿಸಿದರೆ ಸುಳ್ಳು ಗಂಟೆ ಬಹಳ ಮಟ್ಟಿಗೆ ನಿಲ್ಲುತ್ತದೆ. ಪರೀಕ್ಷೆಯನ್ನು ಗುಂಡಿ ಒತ್ತಿ ಮುಗಿಸುವಂತೆಯೂ ಇಲ್ಲ. ಸುಣ್ಣಬಣ್ಣದವರು ಕಟ್ಟಿದ ಪ್ಲಾಸ್ಟಿಕ್ ಚೀಲ ಹಾಗೆಯೇ ಉಳಿದಿದ್ದರೂ ಗುಂಡಿ ಒತ್ತಿದರೆ ಗಂಟೆ ಹೊಡೆಯುತ್ತದೆ, ಏಕೆಂದರೆ ಗುಂಡಿ ಪರೀಕ್ಷಿಸುವುದು ವಿದ್ಯುತ್ ಮಂಡಲವನ್ನು. ಹೊಗೆ ಒಳಹೊಗುವ ದಾರಿಯನ್ನು ಪರೀಕ್ಷಿಸಲು ಕ್ಯಾನಿನಲ್ಲಿ ಬರುವ ಪರೀಕ್ಷಾ ಹೊಗೆಯನ್ನೇ ಊದಬೇಕು.

ಪರೀಕ್ಷೆಯ ಅಂತರ ಇಷ್ಟೊಂದು ಮುಖ್ಯವಾಗುವುದರ ಹಿಂದೆ ಸರಳವಾದ ಗಣಿತವಿದೆ. ವರ್ಷಕ್ಕೊಮ್ಮೆ ಪರೀಕ್ಷಿಸುವ ಸಾಧನ ಆ ವರ್ಷದ ಯಾವ ದಿನ ಬೇಕಾದರೂ ಕೆಡಬಹುದು. ಪರೀಕ್ಷೆಯ ಮರುದಿನ ಕೆಟ್ಟರೆ ಹೆಚ್ಚುಕಡಿಮೆ ವರ್ಷವಿಡೀ, ಹಿಂದಿನ ದಿನ ಕೆಟ್ಟರೆ ಒಂದೇ ದಿನ ದೋಷ ಅಡಗಿರುತ್ತದೆ. ಸರಾಸರಿ ಆರು ತಿಂಗಳು. ಒಂದು ಸಾಧನ ಸರಾಸರಿ ಐದು ವರ್ಷಕ್ಕೊಮ್ಮೆ ಕೆಡುತ್ತದೆ ಎಂದು ಲೆಕ್ಕಕ್ಕಾಗಿ ಊಹಿಸಿಕೊಂಡರೆ, ಐದು ವರ್ಷದಲ್ಲಿ ಆರು ತಿಂಗಳು, ಅಂದರೆ ನೂರಕ್ಕೆ ಹತ್ತು ಪಾಲು ಕಾಲ ಅದು ಕೆಟ್ಟೇ ಕೂತಿರುತ್ತದೆ. ಯಾವುದೇ ದಿನ ಅದು ಕೆಲಸ ಮಾಡುವ ಸಾಧ್ಯತೆ ಶೇ 90. ಕೇಳಲು ಸಾಕೆನಿಸುತ್ತದೆ. ಆದರೆ ರೋಗಿ ಬದುಕಬೇಕಾದರೆ ಡಿಟೆಕ್ಟರು ಹೊಗೆ ಕಾಣಬೇಕು, ಸೈರನ್ ಕೂಗಬೇಕು, ತುರ್ತು ದೀಪ ಉರಿಯಬೇಕು, ಸಿಲಿಂಡರು ಚಿಮ್ಮಬೇಕು, ಹೊರಬಾಗಿಲು ತೆರೆಯಬೇಕು. ಐದೂ ಶೇ 90ರಂತೆ ಇದ್ದರೆ ಐದೂ ಒಟ್ಟಿಗೆ ಸರಿಯಿರುವ ಸಾಧ್ಯತೆ ಶೇ 59ಕ್ಕೆ ಇಳಿಯುತ್ತದೆ. ಅದೇ ಸಾಧನಗಳನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ ಸರಿಪಡಿಸಿದರೆ ದೋಷ ಅಡಗಿರುವ ಸರಾಸರಿ ಕಾಲ ಹದಿನೈದು ದಿನ, ಒಂದೊಂದರ ಸಾಧ್ಯತೆ ಶೇ 99ಕ್ಕೂ ಮೇಲೆ, ಐದೂ ಸೇರಿ ಸುಮಾರು ಶೇ 96. ಹೊಸದಾಗಿ ಒಂದು ಸಾಧನವನ್ನೂ ಕೊಳ್ಳದೆ ಈ ಏರಿಕೆ ಸಿಗುತ್ತದೆ. ಇದು ಮಾದರಿ ಲೆಕ್ಕ, ಅಸಲಿ ಸಾಧನಗಳು ಇಷ್ಟು ಶಿಸ್ತಾಗಿ ಕೆಡುವುದಿಲ್ಲ. ಆದರೂ ಲೆಕ್ಕ ತೋರಿಸುವ ದಿಕ್ಕು ಬದಲಾಗದು.

ಸಾಧನ ಇದ್ದರೆ ಸಾಲದು, ಅದನ್ನು ಆಗಾಗ ನೋಡುತ್ತಿರಬೇಕು ಎಂಬುದಕ್ಕೆ ದೊಡ್ಡ ಆಸ್ಪತ್ರೆಗಳ ಸ್ಪ್ರಿಂಕ್ಲರ್ ಒಳ್ಳೆಯ ಸಾಕ್ಷಿ. ಅದರ ಬಾಯಿಯನ್ನು ಮುಚ್ಚಿಟ್ಟಿರುವುದು ದ್ರವ ತುಂಬಿದ ಬೆರಳುದ್ದವೂ ಇಲ್ಲದ ಗಾಜಿನ ಕೊಳವೆ. ದ್ರವ ಕೆಂಪಗಿದ್ದರೆ 68 ಡಿಗ್ರಿಗೆ ಹಿಗ್ಗಿ ಗಾಜನ್ನು ಒಡೆಯುತ್ತದೆ, ನೀರು ಧುಮುಕುತ್ತದೆ. ವಿದ್ಯುತ್ ಬೇಡ, ಮನುಷ್ಯ ಬೇಡ. ಒಂದು ಒಡೆದರೆ ಎಲ್ಲವೂ ಸುರಿದು ಐಸಿಯು ಯಂತ್ರಗಳು ಹಾಳಾಗುತ್ತವೆ ಎಂಬ ಹೆದರಿಕೆ ಸಿನಿಮಾ ನೋಡಿ ಬಂದದ್ದು. ಸಾಮಾನ್ಯ ವ್ಯವಸ್ಥೆಯಲ್ಲಿ ಬಿಸಿ ತಾಗಿದ ತಲೆ ಮಾತ್ರ ತೆರೆಯುತ್ತದೆ. ಇಷ್ಟು ಗಟ್ಟಿ ಸಾಧನವೂ ಸೋಲುವುದುಂಟು, ಸೋಲುವ ಬಗೆ ಕಣ್ಣು ತೆರೆಸುವಂಥದು. ಅಮೆರಿಕದ ಎನ್‌ಎಫ್‌ಪಿಎ ಎಂಬ ಅಗ್ನಿ ಸುರಕ್ಷತಾ ಸಂಸ್ಥೆಯ ಅಧ್ಯಯನಗಳಂತೆ, ಸ್ಪ್ರಿಂಕ್ಲರನ್ನು ತೆರೆಸುವಷ್ಟು ದೊಡ್ಡ ಬೆಂಕಿಗಳಲ್ಲಿ ಅದು ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಲ ಕೆಲಸ ಮಾಡಿದೆ. ಮಾಡದಿದ್ದ ಪ್ರಸಂಗಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಕಾರಣ, ಯಾರೋ ಮೊದಲೇ ವ್ಯವಸ್ಥೆಯನ್ನು ಬಂದ್ ಮಾಡಿದ್ದು. ದುರಸ್ತಿಗೆಂದು ವಾಲ್ವ್ ತಿರುಗಿಸಿದ ಕೈ ಅದನ್ನು ಮರಳಿ ತೆರೆಯದೆ ಹೋಗುವುದುಂಟು. ಪಂಪನ್ನು ಆಟೋದಿಂದ ಮ್ಯಾನುಯಲ್‌ಗೆ ಹಾಕಿ ಮರೆಯುವುದೂ ಇದೇ ಜಾತಿಯ ತಪ್ಪು. ವಾಲ್ವು ತೆರೆದಿದೆಯೇ, ಪಂಪಿನ ಸ್ವಿಚ್ ಎಲ್ಲಿದೆ ಎಂದು ನೋಡಲು ಇಂಜಿನಿಯರ್ ಬೇಕಿಲ್ಲ, ದಿನಾ ಸುತ್ತುವ ಒಂದು ಜೊತೆ ಕಣ್ಣು ಸಾಕು.

ಎರಡನೆಯ ಆಕ್ಷೇಪ ಕಾಗದದ್ದು: ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಇದೆ, ಕಂಪನಿಯೊಂದಕ್ಕೆ ವಾರ್ಷಿಕ ನಿರ್ವಹಣೆಯ ಗುತ್ತಿಗೆ ಕೊಟ್ಟಿದ್ದೇವೆ, ಇನ್ನೇನು? ಪ್ರಮಾಣಪತ್ರ ಒಂದು ದಿನದ ಸ್ಥಿತಿಯನ್ನು ಹೇಳುತ್ತದೆ. ಮರುದಿನ ವಾಲ್ವ್ ಮುಚ್ಚಿದರೆ ಅದಕ್ಕೆ ತಿಳಿಯದು. ಕೋವಿಡ್ ಕಾಲದ ಬೆಂಕಿಗಳನ್ನು ಕಂಡು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಪ್ರತಿ ಕೋವಿಡ್ ಆಸ್ಪತ್ರೆಗೂ ತಿಂಗಳಿಗೊಮ್ಮೆಯಾದರೂ ಅಗ್ನಿ ತಪಾಸಣೆ ನಡೆಯಬೇಕೆಂದು ಹೇಳಿತು. ನ್ಯಾಯಾಲಯ ಹಿಡಿದ ಅಂತರ ವಿಜ್ಞಾನಕ್ಕೆ ಒಪ್ಪುವಂಥದೇ. ಆದರೂ ನಾಲ್ಕೈದು ತಿಂಗಳಲ್ಲಿ ಮಹಾರಾಷ್ಟ್ರದ ವಿರಾರ್, ಗುಜರಾತಿನ ಭರೂಚ್‌ಗಳಲ್ಲಿ ಆಸ್ಪತ್ರೆಗಳು ಉರಿದವಲ್ಲ ಎಂದರೆ, ಅದು ತಪಾಸಣೆ ವ್ಯರ್ಥ ಎಂಬುದಕ್ಕೆ ಪುರಾವೆಯಾಗದು. ಆದೇಶ ಹೊರಡುವುದಕ್ಕೂ ವಾರ್ಡಿನಲ್ಲಿ ಒಬ್ಬರು ಸಿಲಿಂಡರನ್ನು ತಕ್ಕಡಿಗೆ ಹಾಕುವುದಕ್ಕೂ ನಡುವೆ ಬಹಳ ಮೆಟ್ಟಿಲುಗಳಿವೆ.

ಮೂರನೆಯ ಆಕ್ಷೇಪವೇ ಹೆಚ್ಚು ತೂಕದ್ದು, ಅದು ಹಳ್ಳಿಯ ಆರೋಗ್ಯ ಕೇಂದ್ರದ್ದು. ಸಿಬ್ಬಂದಿ ನಾಲ್ಕು ಜನ, ಹೊರರೋಗಿಗಳು, ಲಸಿಕೆ, ಹೆರಿಗೆ, ವರದಿಗಳು. ಇದನ್ನೂ ಯಾರು ಮಾಡುವುದು? ಉತ್ತರ ಅದೇ ಕೇಂದ್ರದ ಲಸಿಕೆ ಕೋಣೆಯಲ್ಲಿದೆ. ಲಸಿಕೆ ಇಡುವ ಐಎಲ್‌ಆರ್ ಪೆಟ್ಟಿಗೆಯ ಉಷ್ಣಾಂಶವನ್ನು ದಿನಕ್ಕೆ ಎರಡು ಸಲ ನೋಡಿ ಪುಸ್ತಕದಲ್ಲಿ ಬರೆಯುವ ಪದ್ಧತಿ ದೇಶದ ಮೂಲೆಮೂಲೆಯ ಕೇಂದ್ರಗಳಲ್ಲಿ ಬೇರೂರಿದೆ. ಲಸಿಕೆ ಕೆಟ್ಟದ್ದು ಕಣ್ಣಿಗೆ ಕಾಣದು, ಅದಕ್ಕೇ ಅಳೆದು ಬರೆಯುತ್ತಾರೆ. ಅದೇ ಪುಸ್ತಕಕ್ಕೆ ವಾರಕ್ಕೊಂದು ಸಾಲು ಸೇರಿಸಿದರೆ ಸಣ್ಣ ಕೇಂದ್ರದ ಬಹುಪಾಲು ಕೆಲಸ ಮುಗಿಯಿತು. ಅಲ್ಲಿ ಸ್ಪ್ರಿಂಕ್ಲರ್ ಇರದು, ನೋಡಬೇಕಾದ್ದು ಮುಖ್ಯವಾಗಿ ವಿದ್ಯುತ್ತು ಮತ್ತು ಆಮ್ಲಜನಕ. ಸಡಿಲವಾದ ಪ್ಲಗ್ಗಿನ ತುದಿಯಲ್ಲಿ ತಡೆ ಹೆಚ್ಚಿ ಬಿಸಿ ಹುಟ್ಟುತ್ತದೆ. ಹರಿಯುವ ಕರೆಂಟು ಮಿತಿಯೊಳಗೇ ಇರುವುದರಿಂದ ಎಂಸಿಬಿ ಬೀಳುವುದೇ ಇಲ್ಲ. ಕಂದುಬಣ್ಣಕ್ಕೆ ತಿರುಗಿದ ಸಾಕೆಟ್, ಪ್ಲಾಸ್ಟಿಕ್ ಸುಟ್ಟ ವಾಸನೆ ಇವೇ ಸೂಚನೆ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21, ಅದು ಕೆಲವೇ ಪಾಲು ಹೆಚ್ಚಿದರೂ ಬಟ್ಟೆ, ಹಾಸಿಗೆ ಬೇಗ ಹೊತ್ತಿ ಜೋರಾಗಿ ಉರಿಯುತ್ತವೆ. ಮುಖವಾಡ ತೆಗೆದು ಹಾಸಿಗೆಯ ಮೇಲಿಟ್ಟು ಆಮ್ಲಜನಕ ಬಂದ್ ಮಾಡದೆ ಹೋಗುವುದು ಈ ಕಾರಣಕ್ಕೇ ಅಪಾಯ.

ಸಾಧನಗಳು ಎಚ್ಚರಿಸಿದರೂ ಆಸ್ಪತ್ರೆಯಲ್ಲಿ ಎಲ್ಲರೂ ಮೆಟ್ಟಿಲಿಳಿದು ಓಡಲಾರರು. ವೆಂಟಿಲೇಟರಿನ ರೋಗಿಯನ್ನು, ವಾರ್ಮರಿನ ಕೂಸನ್ನು ಅದೇ ಮಹಡಿಯಲ್ಲಿ ಬೆಂಕಿ ತಡೆ ಬಾಗಿಲಿನ ಆಚೆಯ ಭಾಗಕ್ಕೆ ಸರಿಸುವುದೇ ಮೊದಲ ಹೆಜ್ಜೆ. ಆ ಬಾಗಿಲು ತಾನಾಗಿ ಮುಚ್ಚಿಕೊಂಡರೆ ಮಾತ್ರ ಆಚೆಯ ಭಾಗಕ್ಕೆ ಹೊಗೆ ನುಗ್ಗದು. ಸ್ಟ್ರೆಚರ್ ಓಡಾಟಕ್ಕೆಂದು ಅದಕ್ಕೆ ಇಟ್ಟಿಗೆ ಕೊಟ್ಟು ತೆರೆದಿಟ್ಟರೆ ಅಲ್ಲಿ ಬಾಗಿಲೇ ಇಲ್ಲದಂತೆ. ಗಂಟೆ ಹೊಡೆದಾಗ ತಾನೇ ಬಿಟ್ಟುಕೊಡುವ ವಿದ್ಯುತ್ಕಾಂತದ ಹಿಡಿಕೆ ಸಿಗುತ್ತದೆ, ಓಡಾಟಕ್ಕೂ ಅಡ್ಡಿಯಿಲ್ಲ, ಆದರೆ ಅದೂ ತಿಂಗಳಿಗೊಮ್ಮೆ ಪರೀಕ್ಷಿಸಬೇಕಾದ ಇನ್ನೊಂದು ಮೌನ ಸಾಧನ. ಅಣಕು ಕವಾಯತನ್ನು ಬೆಳಗಿನ ಹನ್ನೊಂದಕ್ಕೆ, ಎಲ್ಲ ಸಿಬ್ಬಂದಿ ಸೇರಿ, ಫೋಟೊ ತೆಗೆಸಿಕೊಂಡು ಮಾಡುವ ರೂಢಿಯನ್ನೂ ಬಿಡಬೇಕು. ರಾತ್ರಿ ಎರಡಕ್ಕೆ, ಪಾಳಿಯಲ್ಲಿರುವ ಇಬ್ಬರೇ, ಸಹೋದ್ಯೋಗಿಯೊಬ್ಬರನ್ನು ಬೆಡ್‌ಶೀಟಿನ ಮೇಲೆ ಎಳೆದು ಆ ಬಾಗಿಲು ದಾಟಿಸಲು ಎಷ್ಟು ನಿಮಿಷ ಹಿಡಿಯಿತು ಎಂಬ ಅಂಕಿ ಪ್ರತಿ ಐಸಿಯುವಿನ ನೋಂದಣಿ ಪುಸ್ತಕದಲ್ಲಿರಬೇಕು. ಅದನ್ನು ವಾರ್ಡಿನ ಹಾಸಿಗೆಗಳ ಸಂಖ್ಯೆಯಿಂದ ಗುಣಿಸಿದರೆ ಆ ಪಾಳಿಗೆ ಇನ್ನೊಬ್ಬರು ಬೇಕೇ ಎಂಬುದು ಅಲ್ಲೇ ಗೊತ್ತಾಗುತ್ತದೆ.