ಹಳ್ಳದ ಜಮಾ-ಖರ್ಚು

ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಜಲಾನಯನ ಪ್ರದೇಶದ ಹರವು ಸುಮಾರು 84 ಚದರ ಕಿಲೋಮೀಟರ್. ಅದರ ಮೇಲೆ ಬರೀ 10 ಮಿಲಿಮೀಟರ್ ಮಳೆ ಬಿದ್ದರೂ 84 ಕೋಟಿ ಲೀಟರ್ ನೀರು. ಆದರೂ ಹಳ್ಳ ಒಣಗಿಯೇ ಇರುತ್ತದೆ. ನೀರು ಎಲ್ಲಿಗೆ ಹೋಯಿತು?

ಜಲಸಂಪನ್ಮೂಲ ನಿರ್ವಹಣೆಯ ಎಂ.ಟೆಕ್. ಎಂದರೆ ಹೆಚ್ಚುಕಡಿಮೆ ಇದೊಂದೇ ಪ್ರಶ್ನೆಯನ್ನು ಎರಡು ವರ್ಷ ಬೆನ್ನಟ್ಟುವುದು. ಯುನೆಸ್ಕೊ ನೆರವಿನಿಂದ 1972ರಲ್ಲಿ ರೂರ್ಕಿಯಲ್ಲಿ ಜಲವಿಜ್ಞಾನಕ್ಕೆಂದೇ ವಿಭಾಗ ಶುರುವಾಯಿತು. ನಮ್ಮ ಸುರತ್ಕಲ್ಲಿನ ಎನ್‌ಐಟಿಕೆಯಲ್ಲೂ ಈ ಓದು ಇದೆ.

ಪಾಠದ ನಡುಮನೆ ಮಾಡೆಲಿಂಗ್. ಹೆಸರು ದೊಡ್ಡದು, ಕೆಲಸ ಶಾನುಭೋಗರದು: ಬಿದ್ದ ಮಳೆ ಜಮಾ, ಆವಿಯಾದದ್ದು, ಬೆಳೆ ಹೀರಿದ್ದು, ಇಂಗಿದ್ದು, ಹರಿದದ್ದು ಖರ್ಚು. ಅಮೆರಿಕದ ಕೃಷಿ ಇಲಾಖೆಯ ನೆರಳಲ್ಲಿ ಬೆಳೆದ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ 'ಸ್ವಾಟ್' ತಂತ್ರಾಂಶ ಇಳಿಜಾರು, ಮಣ್ಣು, ಬೆಳೆ ನೋಡಿ ನೆಲವನ್ನು ತುಂಡುಗಳಾಗಿಸಿ ದಿನದಿನದ ಲೆಕ್ಕ ಬರೆಯುತ್ತದೆ.

ಲೆಕ್ಕ ಸರಿಯೇ ಎಂದು ನೋಡಲು ನ್ಯಾಶ್ ಮತ್ತು ಸಟ್‌ಕ್ಲಿಫ್ 1970ರಲ್ಲಿ ಕೊಟ್ಟ ಅಳತೆಗೋಲಿದೆ. 1 ಬಂದರೆ ಪಕ್ಕಾ. ಸೊನ್ನೆಗಿಂತ ಕೆಳಗಿಳಿದರೆ ತಿಂಗಳುಗಟ್ಟಲೆ ಬೆವರು ಸುರಿಸಿದ ಮಾಡೆಲ್‌ಗಿಂತ ಅಳೆದ ಹರಿವಿನ ಬರೀ ಸರಾಸರಿ ಹೇಳಿದ್ದರೇ ವಾಸಿಯಿತ್ತು ಎಂದರ್ಥ. ವಿದ್ಯಾರ್ಥಿಯ ಸೊಕ್ಕಿಳಿಸಲು ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಬೇರಂಬಾಡಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿಜ್ಞಾನಿಗಳೂ ವರ್ಷಗಳಿಂದ ಅಳೆಯುತ್ತಿದ್ದಾರೆ. ಹೋಲಿಕೆಗೆ ಪಕ್ಕದ ಬಂಡೀಪುರ ಕಾಡಿನಲ್ಲಿ 4.1 ಚದರ ಕಿಲೋಮೀಟರಿನ ಮೂಲೆಹೊಳೆ ಜಲಾನಯನವಿದೆ. ಅಲ್ಲಿ ಪಂಪ್ ಇಲ್ಲ, ಆನೆಗಳಿವೆ. ಹೊಲಗಳ ಕಡೆ ಕೊಳವೆಬಾವಿಗಳು ಎತ್ತಿ ಎತ್ತಿ ಅಂತರ್ಜಲ ಹಳ್ಳದ ತಳಕ್ಕಿಂತ ಕೆಳಗೆ ಜಾರಿದೆ. ಒಸರಿ ಹಳ್ಳಕ್ಕೆ ಸೇರುತ್ತಿದ್ದ ನೀರೇ ನಿಂತರೆ ಹಳ್ಳ ಹರಿಯುವುದೆಲ್ಲಿಂದ?

ತೊಡಕಿರುವುದು ಖರ್ಚಿನ ಕಾಲಮ್ಮಿನಲ್ಲಿ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಹೆಚ್ಚಿನವಕ್ಕೆ ಮೀಟರೂ ಇಲ್ಲ. ಎಷ್ಟು ಎತ್ತಿದರೆಂದು ಯಾರಲ್ಲೂ ಬರಹವಿಲ್ಲ. ಉಪಗ್ರಹ ಚಿತ್ರದಲ್ಲಿ ಅರಿಶಿನವೆಷ್ಟು, ಹುರುಳಿಯೆಷ್ಟು ಎಂದು ಎಣಿಸಿ, ಬಾವಿಯ ಮಟ್ಟ ಎಷ್ಟು ಇಳಿಯಿತೆಂದು ನೋಡಿ ಹಿಮ್ಮುಖವಾಗಿ ಅಂದಾಜಿಸಬೇಕು.

ಆ ಮಟ್ಟ ತಿಳಿಯಲು ಕಂಪ್ಯೂಟರ್ ಬಿಟ್ಟು ಹೊಲಕ್ಕೇ ಇಳಿಯಬೇಕು. ಕೇಸಿಂಗ್ ಪೈಪಿನ ಸಂದಿಯಲ್ಲಿ ಅಳತೆಯ ಟೇಪು ಇಳಿಬಿಟ್ಟರೆ ನೀರು ತಾಗಿದೊಡನೆ ಅದು 'ಬೀಪ್' ಎನ್ನುತ್ತದೆ. ರೈತ ಆಗತಾನೇ ಮೋಟರು ನಿಲ್ಲಿಸಿದ್ದರೆ ಆ ಅಂಕಿ ಲೆಕ್ಕಕ್ಕಿಲ್ಲ. ನೀರು ಮತ್ತೆ ಮೇಲೇರಿ ನಿಲ್ಲುವವರೆಗೆ ಹುಣಸೆಮರದ ನೆರಳಲ್ಲಿ ಕಾಯಬೇಕು, ನಡುವೆ ಕರೆಂಟು ಬಂದು ಮೋಟರು ಮತ್ತೆ ಓಡದಿದ್ದರೆ.