ಮೇಲಧಿಕಾರಿಯ ಮೌನ ಮತ್ತು ಕಚೇರಿಯ ಕಿರುಕುಳ

ಕೆಲಸದ ಜಾಗದಲ್ಲಿ ಒಬ್ಬರನ್ನೇ ಗುರಿಯಾಗಿಸಿ ಪದೇ ಪದೇ ಅವಮಾನಿಸುವುದು, ದೂರವಿಡುವುದು, ಅವರ ಕೆಲಸವನ್ನು ಹೀಗಳೆಯುವುದು ಕಿರುಕುಳ. ಒಂದು ದಿನದ ಮಾತಿನ ಚಕಮಕಿ ಈ ಲೆಕ್ಕಕ್ಕೆ ಬರುವುದಿಲ್ಲ. 1980ರ ದಶಕದಲ್ಲಿ ಸ್ವೀಡನ್‌ನಲ್ಲಿ ಈ ವಿಷಯದ ಅಧ್ಯಯನಕ್ಕೆ ಅಡಿಪಾಯ ಹಾಕಿದ ಮನೋವಿಜ್ಞಾನಿ ಹೈಂಜ್ ಲೈಮನ್, ವಾರಕ್ಕೊಮ್ಮೆಯಾದರೂ, ಕನಿಷ್ಠ ಆರು ತಿಂಗಳು ನಡೆಯುವ ಹಿಂಸೆಯನ್ನು ಕಿರುಕುಳವೆಂದು ಗುರುತಿಸಿದರು. ಗುರಿಯಾದವರಿಗೆ ತಿರುಗಿ ನಿಲ್ಲುವ ಬಲವಿಲ್ಲದಿರುವುದು ಇದರ ಇನ್ನೊಂದು ಲಕ್ಷಣ.

ಬಹಳಷ್ಟು ಸಲ ಇದರ ಬೇರು ಬಗೆಹರಿಯದ ಸಣ್ಣ ಜಗಳದಲ್ಲಿರುತ್ತದೆ. ಇಬ್ಬರ ನಡುವೆ ರಾತ್ರಿ ಪಾಳಿ ಯಾರಿಗೆ ಎಂಬ ತಕರಾರು ಏಳುತ್ತದೆ ಎನ್ನೋಣ. ‘ನೀವೇ ಕೂತು ಬಗೆಹರಿಸಿಕೊಳ್ಳಿ’ ಎಂದು ಮ್ಯಾನೇಜರ್ ಕೈತೊಳೆದುಕೊಳ್ಳುತ್ತಾರೆ. ಕ್ರಮೇಣ ಇಬ್ಬರಲ್ಲೊಬ್ಬರು ಒಂಟಿಯಾಗುತ್ತಾರೆ. ಊಟಕ್ಕೆ ಕರೆಯುವವರಿಲ್ಲ, ಮೀಟಿಂಗಿನ ಸುದ್ದಿ ಮುಟ್ಟುವುದಿಲ್ಲ, ಸಣ್ಣ ತಪ್ಪೂ ಎಲ್ಲರೆದುರು ದೊಡ್ಡದಾಗುತ್ತದೆ. ಅಷ್ಟು ಹೊತ್ತಿಗೆ ಪಾಳಿಯ ವಿಷಯ ಯಾರಿಗೂ ನೆನಪಿರುವುದಿಲ್ಲ.

ದರ್ಪದ ಮೇಲಧಿಕಾರಿ ತಾನೇ ಕಿರುಕುಳ ಕೊಡಬಹುದು. ಏನನ್ನೂ ಮಾಡದ ಅಧಿಕಾರಿಯೂ ನಿರಪಾಯಕಾರಿಯಲ್ಲ. ಸ್ಕೋಗ್‌ಸ್ಟಾಡ್, ಐನಾರ್ಸೆನ್ ಮೊದಲಾದ ನಾರ್ವೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಣೆಯಿಂದ ನುಣುಚಿಕೊಳ್ಳುವ ನಾಯಕತ್ವಕ್ಕೂ ಕೆಲಸದ ಗೊಂದಲ, ಸಹೋದ್ಯೋಗಿಗಳ ಜಗಳ, ಕಿರುಕುಳ ಇವುಗಳಿಗೂ ನಂಟು ಕಂಡುಬಂತು. ಯಾರ ಕೆಲಸ ಯಾವುದೆಂದು ಹೇಳುವವರಿಲ್ಲದಿದ್ದರೆ ತಿಕ್ಕಾಟ ಹೆಚ್ಚುತ್ತದೆ. ತಡೆಯುವವರಿಲ್ಲದಿದ್ದರೆ ಹಿಂಸಿಸುವವರು ಆ ಮೌನವನ್ನೇ ಒಪ್ಪಿಗೆ ಎಂದುಕೊಳ್ಳುತ್ತಾರೆ.

ಆಡಳಿತದ ನೀತಿಯೇ ಕಿರುಕುಳವಾಗುವುದೂ ಉಂಟು. ಮೂರು ವರ್ಷದಲ್ಲಿ 22,000 ಮಂದಿಯನ್ನು ಹೊರಕಳಿಸಲು ಹೊರಟ ಫ್ರಾನ್ಸ್ ಟೆಲಿಕಾಂ ಕಂಪನಿ ನೌಕರರ ಮೇಲೆ ತಂದ ಒತ್ತಡವನ್ನು ಪ್ಯಾರಿಸ್‌ನ ನ್ಯಾಯಾಲಯ 2019ರಲ್ಲಿ ಸಾಂಸ್ಥಿಕ ಕಿರುಕುಳವೆಂದು ತೀರ್ಮಾನಿಸಿತು. ಮಾಜಿ ಮುಖ್ಯಸ್ಥ ದಿದಿಯೆ ಲೊಂಬಾರ್ ತಪ್ಪಿತಸ್ಥರೆಂದು ಸಾಬೀತಾಯಿತು.

ಜಗಳ ಇನ್ನೂ ಸಣ್ಣದಾಗಿರುವಾಗಲೇ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಕೆಲಸದ ಹಂಚಿಕೆಯನ್ನು ಬರಹದಲ್ಲಿ ಸ್ಪಷ್ಟಪಡಿಸುವುದು ಮ್ಯಾನೇಜರ್ ಮಾಡಬೇಕಾದ ಮೊದಲ ಕೆಲಸ. ಸಮಬಲದ ಭಿನ್ನಾಭಿಪ್ರಾಯಕ್ಕೆ ರಾಜಿ ಸಾಕು. ಒಬ್ಬರು ಮೂಲೆಗುಂಪಾದ ಮೇಲೆ ರಾಜಿಯ ಮಾತು ಅವರನ್ನೇ ಮತ್ತಷ್ಟು ಬಗ್ಗಿಸುತ್ತದೆ. ಆಗ ವಿಚಾರಣೆ, ರಕ್ಷಣೆ, ತಪ್ಪಿತಸ್ಥರ ಮೇಲೆ ಕ್ರಮ ಬೇಕು. ದೂರು ಕೊಟ್ಟವರನ್ನೇ ವರ್ಗಾಯಿಸುವುದು ಪರಿಹಾರವಲ್ಲ.

ತಪ್ಪನ್ನು ತಿದ್ದುವ, ಗಡುವು ಪಾಲಿಸೆನ್ನುವ ಕಟ್ಟುನಿಟ್ಟು ಕಿರುಕುಳವಲ್ಲ. ಅದು ಎಲ್ಲರಿಗೂ ಒಂದೇ ಆಗಿರಬೇಕು, ಮರ್ಯಾದೆ ಮೀರಬಾರದು. ಕೆಲಸದ ಜಾಗದ ಕಿರುಕುಳ ಕುರಿತ ಭಾರತದ 2013ರ ಕಾಯ್ದೆ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ ಸೀಮಿತ. ಉಳಿದ ಬಗೆಯ ಹಿಂಸೆಯನ್ನು ತಡೆಯುವ ಮೊದಲ ಹೊಣೆ ದಿನವೂ ಅದನ್ನು ಕಣ್ಣಾರೆ ಕಾಣುವ ಮೇಲಧಿಕಾರಿಯದೇ.