ಬೂಸಾ ಎಂದ ಮಂತ್ರಿ, ದರೋಜಿಯ ಹಾಡುಗಾತಿ

ತೋರಣಗಲ್ಲಿನ ಹತ್ತಿರದ ವಡ್ಡು ಊರಿನಲ್ಲಿ ಎಮ್ಮೆ ಕಟ್ಟಿದ ಮನೆಯವರಿಗೆ ಬೂಸಾ ಬೈಗುಳವಲ್ಲ. ಬಕೆಟ್ಟಿಗೆ ಸುರಿದು, ನೀರು ಹಾಕಿ ಕಲಸಿ, ಮೇಲೊಂದು ಹಿಡಿ ಹಿಂಡಿ ಬಿಟ್ಟರೆ ಎಮ್ಮೆ ಕಣ್ಣಿನತನಕ ಮೂತಿ ಅದ್ದಿ ತಳ ನೆಕ್ಕುತ್ತದೆ. ಹಾಲು ಹಿಂಡಲು ಕೂರುವುದು ಆಮೇಲೆ. ಇದೇ ಪದ 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಮೈಕಿಗೆ ಬಿದ್ದಾಗ ಒಬ್ಬ ಮಂತ್ರಿಯ ಕುರ್ಚಿ ಹೋಯಿತು.

ದಲಿತ ನಾಯಕ ಬಿ. ಬಸವಲಿಂಗಪ್ಪ ಆಗ ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ಸಚಿವರು. ಕನ್ನಡ ಸಾಹಿತ್ಯದಲ್ಲಿ ಇರುವುದು ಬಹುಪಾಲು ಬೂಸಾ, ಇಂಗ್ಲಿಷ್ ಕಲಿಯಿರಿ ಎಂಬುದು ಅವರ ಮಾತಿನ ಸಾರ. ಗದ್ದಲದಲ್ಲಿ ‘ಬಹುಪಾಲು’ ಎಲ್ಲೋ ಉದುರಿಹೋಗಿ ಬೂಸಾ ಒಂದೇ ಉಳಿಯಿತು. ಮೆರವಣಿಗೆ ಹೊರಟವು, ದಲಿತ ವಿದ್ಯಾರ್ಥಿಗಳ ಮೇಲೆ ಕೈ ಎತ್ತಿದರು, ಡಿಸೆಂಬರ್‌ನಲ್ಲಿ ಮಂತ್ರಿ ರಾಜೀನಾಮೆ ಕೊಟ್ಟರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಬೆನ್ನಿಗೆ ನಿಂತ ದೊಡ್ಡ ಹೆಸರು ಕುವೆಂಪು.

ಈ ಮಾತಿನ ಪಕ್ಕಕ್ಕೆ ಇನ್ನೊಂದು ಭಾಷಣವನ್ನು ಇಟ್ಟು ನೋಡಬೇಕು. ಹತ್ತು ವರ್ಷ ಹಿಂದೆ, 1963ರ ಆಗಸ್ಟ್ 28ರಂದು, ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ್ದರು. ಕನಸಿನ ಮಾತು ಎಲ್ಲರಿಗೂ ಗೊತ್ತು. ಆದರೆ ಆ ಭಾಷಣದ ಗಟ್ಟಿ ಭಾಗ ಚೆಕ್ಕಿನದು: ಅಮೆರಿಕ ಕರಿಯರಿಗೆ ಬರೆದುಕೊಟ್ಟ ಚೆಕ್ಕು ಹಣವಿಲ್ಲವೆಂದು ವಾಪಸಾಗಿದೆ, ಬ್ಯಾಂಕು ದಿವಾಳಿಯಾಗಿದೆ ಎಂದು ನಂಬಲಾರೆವು, ಬಾಕಿ ಕೊಡಿ. ಕಿಂಗ್ ಖಜಾನೆಯ ಮೇಲೆ ನಂಬಿಕೆ ಇಟ್ಟು ಕೇಳಿದರು. ಬಸವಲಿಂಗಪ್ಪ ಖಜಾನೆಯ ಬಾಗಿಲನ್ನೇ ತೆರೆದು, ಒಳಗೆ ನಮ್ಮದೇನಿದೆ ತೋರಿಸಿ ಎಂದರು. ಜನ ಮೊದಲನೆಯದಕ್ಕೆ ಕಣ್ಣೀರು ಹಾಕುತ್ತಾರೆ, ಎರಡನೆಯದಕ್ಕೆ ಕಲ್ಲು ಎಸೆಯುತ್ತಾರೆ.

ಹಾಗೆಂದು ಅವರದು ಬರೀ ಬಾಯಿಮಾತಲ್ಲ. ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಲ್ಲಿಸಲು ಹೊರಟ ಮಂತ್ರಿ ಇವರೇ; ಆ ಬಗ್ಗೆ ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ. ಮಲದ ಬುಟ್ಟಿ ಇಳಿಸಿದವನಿಗೆ ಪುಸ್ತಕದಲ್ಲಿ ಆ ಬುಟ್ಟಿ ಹೊತ್ತವರು ಕಾಣದಿದ್ದರೆ ಸಿಟ್ಟು ಬರುವುದು ಸಹಜ. ಬೂಸಾ ಗಲಾಟೆಯ ಬೆನ್ನಿಗೇ ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡಿತು. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಅವರಂಥವರು ಬರೆದೂ ಬೀದಿಗಿಳಿದೂ ಉತ್ತರ ಕೊಟ್ಟರು. ಇಂಗ್ಲಿಷ್ ಕಲಿಯಿರಿ ಎಂದದ್ದಕ್ಕೆ ಈಗ ಯಾರೂ ಮೆರವಣಿಗೆ ತೆಗೆಯುವುದಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತಮುತ್ತ ಬೆಳಗಾದರೆ ಇಂಗ್ಲಿಷ್ ಶಾಲೆಯ ಬಸ್ಸಿಗೇ ಓಟ.

ಆದರೂ ಭಾಷಣದಲ್ಲಿ ಒಂದು ಕೊರತೆ ಇತ್ತು ಅನ್ನಿಸುತ್ತದೆ. ಸಾಹಿತ್ಯ ಎಂದರೆ ಅಚ್ಚಾದದ್ದು ಎಂಬ ವಿದ್ವಾಂಸರ ಲೆಕ್ಕವನ್ನೇ ಅವರೂ ಒಪ್ಪಿಕೊಂಡು ವಾದಕ್ಕಿಳಿದರು. ಅದೇ ಕಾಲಕ್ಕೆ ವಡ್ಡಿಗೆ ದೂರವಲ್ಲದ ದರೋಜಿಯಲ್ಲಿ ಈರಮ್ಮ ಎಂಬ ಅಲೆಮಾರಿ ಬುಡ್ಗ ಜಂಗಮರ ಹೆಣ್ಣುಮಗಳು ಬುರ್ರಕಥೆ ಹಾಡುತ್ತಿದ್ದಳು. ಅಕ್ಷರ ಬಾರದು. ಕುಮಾರರಾಮನ ಕಥೆ ಬಾಯಲ್ಲೇ. ಅದೂ ರಾತ್ರಿಗಟ್ಟಲೆ ನಡೆಯುವ ಕಥೆ, ಇದೇ ಕಂಪ್ಲಿ ಸೀಮೆಯ ವೀರನದು. ಬೂಸಾ ಎಂದವರೂ ಅವಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಬೂಸಾ ಎಂದದ್ದಕ್ಕೆ ಉರಿದುಬಿದ್ದವರೂ ಹಿಡಿಯಲಿಲ್ಲ. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಯ ಕಾವ್ಯವನ್ನು ಪುಸ್ತಕವಾಗಿಸಿ, ನಾಡೋಜ ಗೌರವವನ್ನೂ ಕೊಟ್ಟಿತು. ಅಷ್ಟು ಹೊತ್ತಿಗೆ ಬಸವಲಿಂಗಪ್ಪ ಇರಲಿಲ್ಲ. ಇದ್ದಿದ್ದರೆ ‘ಬಹುಪಾಲು’ ಎಂಬ ತಮ್ಮ ಪದಕ್ಕೆ ಒಳ್ಳೆಯ ಸಾಕ್ಷಿಯೊಬ್ಬಳನ್ನು ಕರೆಯಬಹುದಿತ್ತು.